ಅಮಾವಾಸ್ಯೆ ದಿನದ ಸಾಮ್ರಾಜ್ಯ

ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ಆ ಕಂಪ್ಯೂಟರ್ ಆಟಕ್ಕೆ ಹೊಸದಾಗಿ ಕೂರುವವರಿಗೆ ನಾನು ಮೊದಲು ಹೇಳುವ ಮಾತು: ಎಲ್ಲ ಗ್ರಹಗಳನ್ನೂ ಒಟ್ಟಿಗೆ ದುಡಿಸಬೇಡಿ. ಕೆಲವನ್ನು ಸುಮ್ಮನೆ ಬಿಡಿ. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಐದು ಅಮಾವಾಸ್ಯೆಗಳು ಬೇಕಾದವು. ಕಲಿಸುವವರು ಯಾರೂ ಇರಲಿಲ್ಲ. ಇದ್ದ ಒಬ್ಬ ಕಲಿಸುವುದಿಲ್ಲ ಅಂದಿದ್ದ.

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ವಿದ್ಯುತ್ ಮಗ್ಗಗಳ ಮನೆ. ಪಿಯುಸಿ ಮುಗಿಸಿದ ನಾನು ಪಕ್ಕದ ಬೀದಿಯ ಡಿಸೈನ್ ಅಂಗಡಿಯಲ್ಲಿ ಕಾರ್ಡ್ ಪಂಚಿಂಗ್ ಮಾಡುತ್ತಿದ್ದೆ. ಸೀರೆಯ ಅಂಚು, ಸೆರಗಿನ ಚಿತ್ರವನ್ನು ಚೌಕುಳಿ ಹಾಳೆಯ ಮೇಲೆ ಬರೆದು, ಆ ಚೌಕಗಳನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸ. ಆ ತೂತುಗಳ ಪ್ರಕಾರ ಮಗ್ಗದ ಮೇಲೆ ಹೂವೋ ಹಂಸವೋ ಮೂಡುತ್ತದೆ. ಒಂದು ತೂತು ತಪ್ಪಿದರೆ ಹಂಸಕ್ಕೆ ಕೊಕ್ಕಿರುವುದಿಲ್ಲ. ಎರಡು ವರ್ಷದಲ್ಲಿ ನನ್ನ ಕೈಯಿಂದ ಕೊಕ್ಕಿಲ್ಲದ ಹಂಸ ಒಂದೂ ಹೊರಟದ್ದಿಲ್ಲ. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ.

ಯಜಮಾನರು ಚಿತ್ರ ಬರೆಯಲೆಂದು ಅಂಗಡಿಗೆ ಕಂಪ್ಯೂಟರ್ ತಂದರು. ಜೊತೆಗೆ, ಬೆಂಗಳೂರಿನಲ್ಲಿ ಕೋರ್ಸ್ ಮಾಡಿದ್ದ ತಮ್ಮ ಅಕ್ಕನ ಮಗನನ್ನೂ ತಂದರು. ಅವನಿಗೆ ತಿರುಗುವ ಕುರ್ಚಿ, ನನಗೆ ಹಿಂದಿನ ಬೆಂಚು. ಅವನು ಬರೆದ ಹಂಸಗಳು ಬಾತುಕೋಳಿಯಂತೆ ಇರುತ್ತಿದ್ದವು. ಅಚ್ಚಾಗಿ ಬಂದ ಹಾಳೆಯಲ್ಲಿ ಚೌಕ ಎಣಿಸಿ ತಿದ್ದುತ್ತಿದ್ದವಳು ನಾನು. ಆ ಕುರ್ಚಿ ನನ್ನದಾಗಬೇಕು ಎಂದು ಮೊದಲ ವಾರದಲ್ಲೇ ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ, ಅಷ್ಟೇ.

ಮಧ್ಯಾಹ್ನ ಊಟವಾದ ಮೇಲೆ ಅವನು ಆ ಆಟ ಆಡುತ್ತಿದ್ದ. ಕಪ್ಪು ಪರದೆ, ಚುಕ್ಕಿ ಚುಕ್ಕಿ ನಕ್ಷತ್ರಗಳು. ಒಂದು ಗ್ರಹದಿಂದ ಶುರು ಮಾಡಿ, ಹಡಗು ಕಟ್ಟಿ, ಖಾಲಿ ಗ್ರಹಗಳಿಗೆ ಜನರನ್ನು ಕಳಿಸಿ, ಅಲ್ಲಿ ಹೊಲ ಮಾಡಿಸಿ, ಕಾರ್ಖಾನೆ ಹಾಕಿಸಿ, ಅಕ್ಕಪಕ್ಕದ ಸಾಮ್ರಾಜ್ಯಗಳ ಜೊತೆ ಒಪ್ಪಂದವನ್ನೋ ಯುದ್ಧವನ್ನೋ ಮಾಡಬೇಕು. ಎಲ್ಲ ಆದ ಮೇಲೆ ‘ಟರ್ನ್’ ಒತ್ತಿದರೆ ಒಂದು ವರ್ಷ ಕಳೆಯುತ್ತದೆ. ಬೆಂಚಿನಿಂದ ನೋಡುತ್ತಾ ನೋಡುತ್ತಾ ಒಂದು ದಿನ ತಡೆಯಲಾಗದೆ, “ನಂಗೂ ಸ್ವಲ್ಪ ಹೇಳ್ಕೊಡಿ” ಅಂದೆ.

“ಇದು ನಿಂಗಾಗಲ್ಲ ಕಣಮ್ಮಾ. ಇಂಗ್ಲಿಷ್ ಬೇಕು, ತಲೆ ಬೇಕು. ನೀನು ತೂತು ಹೊಡಿ” ಅಂದ, ತಿರುಗಿಯೂ ನೋಡದೆ.

ಮೈಯೆಲ್ಲ ಉರಿಯಿತು. ಇವತ್ತು ನೆನೆದರೂ ಉರಿಯುತ್ತದೆ. ಆ ಉರಿಯನ್ನು ಆರಿಸಿಕೊಳ್ಳುವ ಇರಾದೆಯೂ ನನಗಿಲ್ಲ.

ನಮ್ಮ ನೇಕಾರರಲ್ಲಿ ಅಮಾವಾಸ್ಯೆ ದಿನ ಮಗ್ಗ ನಡೆಸುವುದಿಲ್ಲ. ತಿಂಗಳಿಡೀ ಕಿವಿ ತುಂಬಿದ್ದ ಸದ್ದು ನಿಂತು, ಅವತ್ತು ಬೀದಿಯಲ್ಲಿ ಯಾರೋ ಕೆಮ್ಮಿದ್ದೂ ಕೇಳಿಸುತ್ತದೆ. ಮಗ್ಗ ಒರೆಸಿ, ಅರಿಶಿನ ಕುಂಕುಮ ಇಟ್ಟು ಕೈಮುಗಿದರೆ ಮುಗಿಯಿತು. ಡಿಸೈನ್ ಅಂಗಡಿ ಗುಡಿಸಿ ದೀಪ ಹಚ್ಚುವುದು ನನ್ನ ಪಾಲಿನ ಕೆಲಸ, ಹಾಗಾಗಿ ಬೀಗದ ಕೈ ನನ್ನ ಹತ್ತಿರ. ಅವನು ಅವತ್ತು ಬೆಂಗಳೂರಿಗೆ ಹೋಗಿರುತ್ತಿದ್ದ. ಊರಿನ ಮಗ್ಗಗಳೆಲ್ಲ ನಿಂತಿರುವುದರಿಂದ ಕರೆಂಟು ಕೂಡ ತಂಟೆ ಮಾಡದೆ ಬರುತ್ತಿತ್ತು. ಹೆಣ್ಣು ನೋಡಲು ಬರುವವರೂ ಅಮಾವಾಸ್ಯೆಗೆ ಕಾಲಿಡುತ್ತಿರಲಿಲ್ಲ. ತಿಂಗಳಿಗೆ ಒಂದು ಹಗಲು ಪೂರ್ತಿ ನನ್ನದು.

“ಮುಚ್ಚಿದ ಅಂಗಡೀಲಿ ಒಬ್ಳೇ ಕೂತು ಏನೇ ಮಾಡ್ತೀಯ?” ಎಂದು ಅಮ್ಮ ಕೇಳಿದರೆ “ಗುಡಿಸ್ತೀನಿ” ಅನ್ನುತ್ತಿದ್ದೆ.

“ಅದೇನು ಅರಮನೇನಾ, ಸಂಜೆವರ್ಗೂ ಗುಡ್ಸೋಕೆ?”

ಅರಮನೆಯಲ್ಲಮ್ಮಾ, ಸಾಮ್ರಾಜ್ಯ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊರಡುತ್ತಿದ್ದೆ.

ಇಂಗ್ಲಿಷಿಗೆ ನನ್ನ ಶಾಲೆಯ ಹಳೇ ಡಿಕ್ಷನರಿ ಇತ್ತು. ಒಂದೊಂದೇ ಪದ ಹುಡುಕಿ ಚೌಕುಳಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟೆ. ಅವನು ಹೆದರಿಸಿದಷ್ಟು ಇಂಗ್ಲಿಷೇನೂ ಅದರಲ್ಲಿ ಇರಲಿಲ್ಲ. ಅದೇ ಇಪ್ಪತ್ತು ಮೂವತ್ತು ಪದಗಳು ಮತ್ತೆ ಮತ್ತೆ ಬರುತ್ತಿದ್ದವು. ಗೊತ್ತಾದ ಮೇಲೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಆದರೆ ಆಟದಲ್ಲಿ ಸೋಲುತ್ತಲೇ ಇದ್ದೆ. ಏನೂ ತಯಾರಿಸದೆ ಕೂತಿರುವ ಗ್ರಹದ ಪಕ್ಕ ಒಂದು ಕೆಂಪು ಗುರುತು ಬರುತ್ತದೆ. ನೇಕಾರರ ಮನೆಯ ಹುಡುಗಿಗೆ ಅದನ್ನು ನೋಡಿಕೊಂಡು ಸುಮ್ಮನಿರುವುದು ಸಾಧ್ಯವೇ? ನಮ್ಮ ಮನೆಯಲ್ಲಿ ಒಂದು ಮಗ್ಗ ನಿಂತರೆ ಊಟ ಬಿಟ್ಟು ಎದ್ದು ಓಡುತ್ತೇವೆ. ಕೆಂಪು ಕಂಡಲ್ಲೆಲ್ಲ ಹಡಗು ಕಟ್ಟಲು ಹಚ್ಚಿದೆ. ಹಡಗು ಹೆಚ್ಚಾದಷ್ಟೂ ಅದರೊಳಗಿನ ಜನಕ್ಕೆ ಧಾನ್ಯ ಕಳಿಸಬೇಕು. ನಾಲ್ಕು ಅಮಾವಾಸ್ಯೆಯೂ ಅದೇ ಕಥೆ: ಆಕಾಶದ ತುಂಬ ಹಡಗುಗಳು, ಗ್ರಹಗಳಲ್ಲಿ ಹಸಿವು, ಆಮೇಲೆ ದಂಗೆ. ಶತ್ರುಗಳು ನನ್ನ ಕಡೆ ಬರುವ ಕಷ್ಟವನ್ನೂ ಪಡಲಿಲ್ಲ.

ಐದನೆಯ ಅಮಾವಾಸ್ಯೆ ಸೋತು, ನೀರು ಕುಡಿಯಲು ಎದ್ದೆ. ಹೊರಗೆ ಊರಿಗೆ ಊರೇ ಸದ್ದಿಲ್ಲದೆ ಕೂತಿತ್ತು. ಎದುರುಮನೆಯ ಅಜ್ಜ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು. ಯಾರ ಮುಖದಲ್ಲೂ ಗಾಬರಿ ಇರಲಿಲ್ಲ. ಇಷ್ಟೊಂದು ಮಗ್ಗಗಳು ನಿಂತಿವೆ, ಊರು ಮುಳುಗಿಹೋಗಿಲ್ಲವಲ್ಲ ಎಂದು ಹೊಳೆದಾಗ ನೀರಿನ ಚೊಂಬು ಹಾಗೇ ಇಟ್ಟು ಒಳಗೆ ಓಡಿದೆ. ಹೊಸ ಆಟ ಶುರು ಮಾಡಿ, ಅರ್ಧದಷ್ಟು ಗ್ರಹಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಹೊಲ ಬೆಳೆದವು, ಜನ ಹೆಚ್ಚಿದರು. ಸಂಜೆಯ ಹೊತ್ತಿಗೆ ಪಕ್ಕದ ಸಾಮ್ರಾಜ್ಯವೇ ಒಪ್ಪಂದ ಕೇಳಿಕೊಂಡು ಬಂತು. ನನ್ನನ್ನು! ಬೆಂಚಿನವಳನ್ನು! ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ.

ಗೆದ್ದ ಕೈ ಸುಮ್ಮನಿರಲಿಲ್ಲ. ಮುಂದಿನ ಅಮಾವಾಸ್ಯೆ ಅವನು ಉಳಿಸಿಟ್ಟಿದ್ದ ಆಟವನ್ನೇ ತೆರೆದೆ. ಒಂಬತ್ತು ಗ್ರಹ, ಅದರಲ್ಲಿ ಮೂರರಲ್ಲಿ ಹಸಿವು. ಇಷ್ಟು ತಿಂಗಳಿಂದ ಅವನೂ ನನ್ನದೇ ತಪ್ಪು ಮಾಡುತ್ತಿದ್ದ! ಬೇಡದ ಹಡಗುಗಳನ್ನು ಒಡೆಸಿ ಸಂಜೆಯೊಳಗೆ ಮೂರನ್ನೂ ಸರಿಮಾಡಿದೆ. ಮಾಡಿದ್ದನ್ನು ಉಳಿಸಿಡದೆ ಹಾಗೇ ಮುಚ್ಚಿ ಹೋಗುವುದೆಂದೇ ಇದ್ದವಳು ನಾನು. ಆದರೆ ಮಗ್ಗ ನಿಲ್ಲಿಸುವ ಮುಂಚೆ ಲಾಳಿಯನ್ನು ಅದರ ಪೆಟ್ಟಿಗೆಗೆ ಸೇರಿಸಿಯೇ ಏಳಬೇಕು ಎಂದು ಚಿಕ್ಕಂದಿನಿಂದ ಕಲಿತ ಕೈ. ಏಳುವ ಮುಂಚೆ ಅದು ತಾನೇ ಹೋಗಿ ‘ಸೇವ್’ ಒತ್ತಿತು. ಅವನ ಸಾಮ್ರಾಜ್ಯದ ಮೇಲೆ ನನ್ನದು ಕೂತುಬಿಟ್ಟಿತು.

ಮಾರನೆಯ ದಿನ ಅಂಗಡಿಯಲ್ಲಿ ಕೂಗಾಟ. “ಯಾರೋ ಕಂಪ್ಯೂಟರ್ ಮುಟ್ಟಿದ್ದಾರೆ ಮಾವ!”

ಯಜಮಾನರು ಎಲ್ಲರ ಮುಖ ನೋಡಿದರು. ಎಲ್ಲರೂ ಅಂದರೆ ಇದ್ದವಳು ನಾನೊಬ್ಬಳೇ.

“ನಾನೇ ಮುಟ್ಟಿದ್ದು” ಅಂದೆ. “ಡಿಸೈನ್ ಯಾವ್ದೂ ಮುಟ್ಟಿಲ್ಲ. ಆಟ ಆಡ್ದೆ. ಏನ್ ಕೆಟ್ಟಿದೆ, ತೋರ್ಸೋಕೆ ಹೇಳಿ.”

ಅವನು ಪರದೆ ನೋಡಿದ. ಹಸಿದ ಗ್ರಹ ಒಂದೂ ಇರಲಿಲ್ಲ. ಆಟವನ್ನು ಮುಚ್ಚಿದ. ಏನೂ ಕೆಟ್ಟಿಲ್ಲ ಎಂದು ಹೇಳಬಹುದಿತ್ತು. ಯಜಮಾನರು ಕೈಚಾಚಿ, “ಬೀಗದ ಕೈ ಕೊಡಮ್ಮಾ” ಅಂದರು. ಕೊಟ್ಟೆ. ಬೆಂಚಿಗೆ ಹೋಗಿ ಕೂತು ಅವತ್ತು ಹೊಡೆದ ಒಂದೊಂದು ತೂತೂ ಯಾರದೋ ತಲೆಯ ಮೇಲೆ ಹೊಡೆದ ಹಾಗಿತ್ತು.

ಆಮೇಲೆ ಏಳೆಂಟು ತಿಂಗಳು, ಅವನು ತಿರುಗಿಸಿಟ್ಟ ಕಂಪ್ಯೂಟರ್ ನನಗೆ ಬೆನ್ನು ಮಾಡಿಕೊಂಡೇ ಇತ್ತು. ಅಮಾವಾಸ್ಯೆಗೆ ಮನೆಯಲ್ಲಿ ಕೂತು, ನೆನಪಿನಿಂದಲೇ ಚೌಕುಳಿ ಪುಸ್ತಕದಲ್ಲಿ ಒಂದು ಕೈಪಿಡಿ ಬರೆದೆ: ಹೊಸಬರು ಈ ಆಟವನ್ನು ಹೇಗೆ ಆಡಬೇಕು. ಮೊದಲ ಹತ್ತು ವರ್ಷ ಜಗಳ ಬೇಡ, ಹೊಲವಿಲ್ಲದೆ ಕಾರ್ಖಾನೆ ಬೇಡ, ಹತ್ತಿರದ ಸಣ್ಣ ಗ್ರಹ ದೂರದ ದೊಡ್ಡದಕ್ಕಿಂತ ವಾಸಿ. ನಕ್ಷತ್ರಗಳನ್ನು ಚೌಕಗಳಲ್ಲಿ ಗುರುತು ಮಾಡಿದೆ. ಯಾರು ಓದುತ್ತಾರೆ ಎಂದು ಯೋಚಿಸಲಿಲ್ಲ. ನನಗೆ ಬರುತ್ತದೆ ಅನ್ನುವುದು ಎಲ್ಲಾದರೂ ಒಂದು ಕಡೆ ದಾಖಲಾಗಿರಬೇಕಿತ್ತು.

ಅಷ್ಟರಲ್ಲಿ ಅವನಿಗೆ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಸೆರಗಿನ ಚಿತ್ರವೊಂದನ್ನು ಅರ್ಧಕ್ಕೇ ಬಿಟ್ಟು ಹೋದ. ಮದುವೆ ಕಾಲ ಹತ್ತಿರವಿತ್ತು. ಯಜಮಾನರು ಎರಡು ದಿನ ಕಂಪ್ಯೂಟರ್ ಸುತ್ತ ತಿರುಗಿದರು. “ನಾನು ಕೂರ್ಲಾ?” ಎಂದು ಕೇಳಿದ್ದಕ್ಕೆ ಬೆಂಚಿನ ಕಡೆ ಕೈ ತೋರಿಸಿದರು. ಮೂರನೆಯ ದಿನ ನಮ್ಮ ಮನೆ ಬಾಗಿಲಿಗೆ ಬಂದರು. ಅವತ್ತು ಅಮಾವಾಸ್ಯೆ.

“ಬಾಮ್ಮಾ, ಆ ಸೆರಗು ಮುಗ್ಸಿಕೊಡು. ಇವತ್ತೊಂದಿನ ಕೂತ್ಕೋ. ನಾಳೆ ಬೆಂಗಳೂರಿಂದ ಯಾರಾದ್ರೂ ಬರ್ತಾರೆ.”

ಇವತ್ತೊಂದು ದಿನ! ಹೂಂ ಅಂದರೆ ನಾಳೆ ಮತ್ತೆ ಬೆಂಚು, ಊಹೂಂ ಅಂದರೆ ಬೆಂಚೂ ಇಲ್ಲದೆ ಹೋಗಬಹುದು. “ಅಮಾವಾಸ್ಯೆ ದಿನ ಮಗ್ಗದ ಕೆಲ್ಸ ಮಾಡಲ್ಲ ಯಜಮಾನ್ರೇ. ನಾಳೆ ಬರ್ತೀನಿ. ಆದ್ರೆ ಕುರ್ಚಿ ಮೇಲೆ ಕೂರೋಕೆ ಬರ್ತೀನಿ. ಆಮೇಲೆ ಏಳಲ್ಲ.”

“ಬೆಂಗಳೂರಿನವ್ರು ಬೇಕಾದಷ್ಟು ಜನ ಸಿಗ್ತಾರೆ.”

“ಕರ್ಸಿ. ಅವ್ರಿಗೆ ಅಂಚು ಯಾವ್ದು ಸೆರಗು ಯಾವ್ದು ಅಂತ ಹೇಳ್ಕೊಡೋ ಹೊತ್ಗೆ ಮದುವೆಗಳೆಲ್ಲ ಮುಗ್ದಿರ್ತವೆ.”

ಅಮ್ಮ ಒಳಗಿನಿಂದ ಬಂದರು. ನನ್ನ ಬೆನ್ನಿಗೆ ಗುದ್ದು ಬಿತ್ತು ಅಂದುಕೊಂಡೆ. “ನಮ್ಮನೇಲಿ ಅಮಾವಾಸ್ಯೆ ಕೆಲ್ಸ ಇಲ್ಲ ಯಜಮಾನ್ರೇ, ನಿಮ್ಗೆ ಗೊತ್ತಿರೋದೇ. ಕುರ್ಚಿ ವಿಷ್ಯ ಅವಳತ್ರಾನೇ ಮಾತಾಡಿ” ಅಂದರು.

ಯಜಮಾನರು ಜಗಲಿಯ ಮೇಲೆ ಕೂತು, ಮದುವೆ ಕಾಲಕ್ಕೆ ಉಳಿದ ದಿನಗಳನ್ನು ಬೆರಳು ಮಡಚಿ ಎಣಿಸಿದರು. ಆಮೇಲೆ ಜೇಬಿನಿಂದ ಬೀಗದ ಕೈ ತೆಗೆದು ಪಕ್ಕದಲ್ಲಿಟ್ಟು, “ನಾಳೆ ಬೇಗ ಬಾ” ಎಂದು ಎದ್ದು ಹೋದರು. ಅವರು ಬೀದಿ ತಿರುಗಿದ ಮೇಲೆ ಅಮ್ಮ ಗುದ್ದು ಕೊಟ್ಟೇ ಕೊಟ್ಟರು. ನನಗೆ ನೋವಾಗಲಿಲ್ಲ.

ಮಾರನೆಯ ದಿನ ಒದ್ದಾಡಿದೆ, ಸುಳ್ಳು ಹೇಳುವುದಿಲ್ಲ. ಬಣ್ಣ ತುಂಬುವುದು ಎಲ್ಲಿ ಎಂದು ಹುಡುಕಲು ಒಂದು ಗಂಟೆ ಹಿಡಿಯಿತು. ಆದರೆ ಮೌಸು, ಫೈಲು, ಸೇವು ಎಲ್ಲ ಸಾಮ್ರಾಜ್ಯ ಕಟ್ಟುತ್ತಾ ಕಲಿತದ್ದೇ ಆಗಿತ್ತು, ಚೌಕಗಳಂತೂ ನನ್ನವೇ. ಸಂಜೆ ನಾಲ್ಕಕ್ಕೆ ಸೆರಗು ಮುಗಿಯಿತು. ಪ್ರತಿ ಹಂಸಕ್ಕೂ ಕೊಕ್ಕಿತ್ತು. ಬೆಂಗಳೂರಿನಿಂದ ಯಾರೂ ಬರಲಿಲ್ಲ.

ಆ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತೆ. ಬೆಂಚಿಗೆ ಬಂದ ಹುಡುಗಿಯರಿಗೆಲ್ಲ ಕಂಪ್ಯೂಟರ್ ಕಲಿಸಿದೆ. ಮೊದಲು ಆಟ, ಆಮೇಲೆ ಡಿಸೈನ್. ಯಜಮಾನರು ಗೊಣಗುತ್ತಿದ್ದರು, ಗೊಣಗಲಿ ಎಂದು ಬಿಟ್ಟಿದ್ದೆ. ಎಲ್ಲರಿಗೂ ಆ ಚೌಕುಳಿ ಪುಸ್ತಕವನ್ನೇ ಓದಲು ಕೊಡುತ್ತಿದ್ದೆ. ಅದರ ಕೊನೆಯ ನಿಯಮವನ್ನು ಮಾತ್ರ ಕುರ್ಚಿಗೆ ಬಂದ ಮೇಲೆ ಸೇರಿಸಿದ್ದು: ಯಾರಾದರೂ ಬಂದು ಎದ್ದೇಳು ಅಂದರೆ, ಮೊದಲು ಸೇವ್ ಮಾಡಿ. ಆಮೇಲೂ ಏಳಬೇಡಿ.