ಹಾರನ್ ಹೊಡೆದವರಿಗೆ ಮೊದಲು

ನಾನು ಈಗಿರುವ ಊರಿನಲ್ಲಿ ಅಂಗಡಿಗೆ ನಡೆದು ಹೋದವರನ್ನು ಯಾರೂ ವಿಚಾರಿಸುವುದಿಲ್ಲ. ಕಾರಿನಲ್ಲಿ ಬಂದು, ಇಳಿಯದೆ ಹಾರನ್ ಹೊಡೆದವರ ಬಳಿಗೆ ಅಂಗಡಿಯೇ ಓಡಿಹೋಗುತ್ತದೆ. ಮಸ್ಕತ್ತಿನ ಪಕ್ಕದ ಅಲ್ ಅಮೇರಾತಿಗೆ ಬಂದ ಹೊಸತರಲ್ಲಿ ಆ ಗದ್ದಲ ಕೇಳಿ, ಕೆಳಗೆ ಅಪಘಾತವಾಗಿದೆ ಎಂದು ಕಿಟಕಿಗೆ ಓಡಿದ್ದೆ. ಅಪಘಾತವಲ್ಲ, ಯಾರಿಗೋ ಚಹಾ ಬೇಕಿತ್ತು.

ಕಿರಾಣಿ ಅಂಗಡಿಗೆ ಇಲ್ಲಿ ಬಕಾಲ ಎನ್ನುತ್ತಾರೆ. ನಮ್ಮ ಕಟ್ಟಡದ ಬುಡದಲ್ಲೇ ಒಂದಿದೆ. ನೀರಿನ ಬಾಟಲಿ, ಚಹಾ, ಮೊಟ್ಟೆ, ಏನು ಬೇಕಾದರೂ ಒಂದು ಹಾರನ್ ಸಾಕು. ನಮಗೋ ಆಗ ಕಾರಿರಲಿಲ್ಲ. ಕೈಯಲ್ಲಿ ಬ್ರೆಡ್ ಹಿಡಿದು ನಾನು ನಿಂತೇ ಇರುತ್ತಿದ್ದೆ, ನನ್ನ ನಂತರ ಬಂದವರೆಲ್ಲ ಸಾಮಾನು ಪಡೆದು ಹೊರಟುಹೋಗುತ್ತಿದ್ದರು. ಗಂಡನಿಗೆ ದೂರು ಹೇಳಿದರೆ "ಇಲ್ಲಿ ಹಾಗೇ" ಎನ್ನುತ್ತಿದ್ದರು. ಲೋಕದ ಎಲ್ಲ ಅನ್ಯಾಯಕ್ಕೂ ಅವರ ಬಳಿ ಇರುವುದು ಅದೊಂದೇ ಮದ್ದು.

ಮಗು ಹುಟ್ಟಿದಾಗ ಬಾಣಂತನಕ್ಕೆಂದು ಅಮ್ಮ ಕುಂದಾಪುರದ ಕಡೆಯಿಂದ ಬಂದಳು. ಅವಳಿಗೆ ಬರುವುದು ಕುಂದಾಪುರದ ಕನ್ನಡ ಒಂದೇ. ಇಲ್ಲಿ ಲಸಿಕೆ ಹಾಕಿಸಲು ಹೋದರೆ ಅರಬ್ಬಿ, ಔಷಧಿ ಅಂಗಡಿಯಲ್ಲಿ ಇಂಗ್ಲಿಷ್, ಟ್ಯಾಕ್ಸಿಯಲ್ಲಿ ಹಿಂದಿ. ಊರಿನಲ್ಲಿ ಹತ್ತು ಮನೆಯ ಬಾಣಂತಿಯರನ್ನು ಎಬ್ಬಿಸಿ ಕೂರಿಸಿದ ಹೆಂಗಸು ಎಲ್ಲಿ ಹೋದರೂ ನನ್ನ ಮುಖ ನೋಡುತ್ತ ನಿಲ್ಲಬೇಕಾಯಿತು. ಒಂದಾದರೂ ಕೆಲಸವನ್ನು ತಾನೇ ಮಾಡಿ ಬರಬೇಕು ಎಂಬ ಹಟ ಅವಳಿಗಿತ್ತು.

ಒಂದು ಮಧ್ಯಾಹ್ನ ಬೆಳ್ಳುಳ್ಳಿ ಮುಗಿಯಿತು. ಗಂಡ ಆಫೀಸಿನಲ್ಲಿದ್ದರು.

"ಅಂಗಡಿ ಕೆಳಗೇ ಇತ್ತಲೆ. ಬೆರಳಲ್ಲ್ ತೋರ್ಸಿರೆ ಆತ್" ಎಂದು ಅಮ್ಮ ಹೊರಟಳು.

ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಕೈ ಬರಿದು. ಸೆರಗಿನಿಂದ ಮುಖ ಒರೆಸಿಕೊಂಡು ಮಂಚದ ತುದಿಯಲ್ಲಿ ಕೂತಳು.

"ಒಬ್ರೂ ಎಂತ ಬೇಕ್ ಅಂದ್ ಕೇಣ್ಲಿಲ್ಲ. ನಾನೆಂತ ಕಂಬವಾ ಹೆಣೆ? ನಂಗೆ ಟಿಕೇಟ್ ಮಾಡ್, ನಾ ಊರಿಗ್ ಹೋತೆ."

ತಪ್ಪು ಎಲ್ಲಾಯಿತೆಂದು ನನಗೆ ತಕ್ಷಣ ತಿಳಿಯಿತು. ನಮ್ಮ ಕಡೆ ಗಿರಾಕಿ ಹೋಗಿ ಬದಿಯಲ್ಲಿ ನಿಂತರೆ ಸಾಕು, ಮಾತೆತ್ತಬೇಕಾದವನು ಅಂಗಡಿಯವನು. ಮೊದಲು ಮನೆಯವರೆಲ್ಲ ಸೌಖ್ಯವೇ ಎಂದು ಕೇಳುತ್ತಾನೆ, ಆಮೇಲೆ ಏನು ಕೊಡಲಿ ಎನ್ನುತ್ತಾನೆ. ಅದಕ್ಕೂ ಮೊದಲೇ ಕೂಗಿದರೆ ಆತುರಗೇಡಿಗಳೆನ್ನುತ್ತಾರೆ. ಅಮ್ಮ ಮರ್ಯಾದೆಯಿಂದ ನಿಂತಿದ್ದಳು, ಆ ಮರ್ಯಾದೆ ಇಲ್ಲಿ ಯಾರ ಕಣ್ಣಿಗೂ ಕಾಣಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅವಳು ಹೊರಟುಹೋದರೆ ನನ್ನ ಗತಿಯೇನು ಎಂಬ ಹೆದರಿಕೆಯೂ ಸೇರಿತು. ತಲೆಗೆ ಬಟ್ಟೆ ಬಿಗಿದು ಚಪ್ಪಲಿ ಮೆಟ್ಟಿದೆ.

"ಬಾಣಂತಿ ಆಸ್ಪತ್ರಿಗಲ್ದೆ ಹೊಸ್ಲ್ ದಾಟುದಾ!" ಎಂದು ಅಮ್ಮ ಹಿಂದಿನಿಂದ ಕೂಗುತ್ತಿದ್ದಳು.

ಅಂಗಡಿಯವರು ಮಲಬಾರಿನ ನಡುವಯಸ್ಸಿನವರು. ನನಗೆ ಬರುವ ಅಷ್ಟೂ ಹಿಂದಿಯಲ್ಲಿ ಬೈದೆ. ವಯಸ್ಸಾದ ಹೆಂಗಸು ಕಾಣಿಸಲಿಲ್ಲವೇ? ಬೆಳ್ಳುಳ್ಳಿಗೂ ಕಾರು ತರಬೇಕೇ?

"ಅಮ್ಮ ಏನೂ ಕೇಳಲಿಲ್ಲ, ಚೇಚಿ. ಯಾರಿಗೋ ಕಾಯ್ತಿದ್ದಾರೆ ಅಂದುಕೊಂಡೆ" ಎಂದರು ಅವರೂ ತಮ್ಮ ಹಿಂದಿಯಲ್ಲಿ. "ಗಾಡಿಯವರು ಕಾಯಲ್ಲ. ಒಂದು ಹಾರನ್‌ಗೆ ಹೋಗದಿದ್ದರೆ ಮುಂದಿನ ಅಂಗಡಿಗೆ ಹೋಗ್ತಾರೆ. ಖಲಾಸ್!"

ಖಲಾಸ್ ಅಂದರೆ ಮುಗಿಯಿತು ಎಂದರ್ಥ. ನನ್ನ ಜಗಳವೂ ಅಲ್ಲಿಗೇ ಮುಗಿಯಿತು, ಯಾಕೆಂದರೆ ಹೊರಗೆ ಹಾರನ್ ಕೇಳಿಸಿತು. ನನ್ನನ್ನು ಅರ್ಧ ಬೈಗುಳದಲ್ಲಿ ನಿಲ್ಲಿಸಿ ಅವರು ಓಡಿದರು.

ಅಷ್ಟರಲ್ಲಿ ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬಂದಿದ್ದಳು. ನನಗೆ ಬೈಯಲೆಂದು ಬಾಯಿ ತೆರೆದವಳು ಹಾಗೇ ಹೊರಗೆ ನೋಡುತ್ತ ನಿಂತಳು. ಆ ಮನುಷ್ಯ ಸುಡುವ ಬಿಸಿಲಿನಲ್ಲಿ ಕಾರಿನ ಕಿಟಕಿಗೆ ಬಗ್ಗಿ ನಿಂತಿದ್ದರು. ಒಳಗಿದ್ದವನು ಫೋನಿನಲ್ಲಿ ಮಾತು ಮುಗಿಸುತ್ತಿದ್ದ. ಮುಗಿಯುವವರೆಗೂ ಇವರು ಬಗ್ಗಿಯೇ ಇದ್ದರು. ಗಲ್ಲಾಪೆಟ್ಟಿಗೆಯ ಹಿಂದೆ, ಅರ್ಧ ಉಂಡ ಅನ್ನದ ತಟ್ಟೆ ಒಣಗುತ್ತಿತ್ತು.

ಅವರು ಮರಳಿದಾಗ ಅಮ್ಮ ತಟ್ಟೆಯತ್ತ ಕೈ ತೋರಿಸಿದಳು. "ಹ್ವಾಯ್, ನೀವ್ ಮೊದ್ಲ್ ಉಣ್ಣಿ. ಬೆಳ್ಳುಳ್ಳಿ ಓಡಿ ಹೋತಿಲ್ಲೆ."

ಮಗಳನ್ನು ಹೆಣೆ ಎನ್ನುವ ಹಾಗೆ, ಹೊರಗಿನವರನ್ನು ಹ್ವಾಯ್ ಎಂದು ಮರ್ಯಾದೆ ಕೊಟ್ಟು ಕರೆಯುವುದು ನಮ್ಮ ಕಡೆಯ ರೂಢಿ. ಅವರಿಗೆ ಅದೆಷ್ಟು ಅರ್ಥವಾಯಿತೋ, ತಲೆ ತಗ್ಗಿಸಿ ನಕ್ಕರು. ಆಮೇಲೆ ಅಮ್ಮ ಟಿಕೇಟಿನ ಮಾತೆತ್ತಲಿಲ್ಲ. ದಿನಾ ತಾನೇ ಅಂಗಡಿಗೆ ಹೋದಳು, ಅವರ ಮಲಯಾಳಕ್ಕೆ ತನ್ನ ಕನ್ನಡದಲ್ಲಿ ಉತ್ತರ ಕೊಟ್ಟಳು, ಕಾರುಗಳಿಗೆ ಕನ್ನಡದಲ್ಲೇ ಶಾಪವನ್ನೂ ಹಾಕಿದಳು.

ಬಾಣಂತನ ಮುಗಿಯುವ ಹೊತ್ತಿಗೆ ನಾವು ಹಳೆಯದೊಂದು ಕಾರು ಕೊಂಡಿದ್ದೆವು. ಅಮ್ಮ ಊರಿಗೆ ಹೊರಟ ದಿನ ನೀರು ಕೊಳ್ಳಲು ಬಕಾಲದ ಮುಂದೆ ನಿಲ್ಲಿಸಿದೆವು. ವಿಮಾನಕ್ಕೆ ತಡವಾಗುತ್ತಿತ್ತು. ಮಗು ಅಳುತ್ತಿತ್ತು. ನಾನು ಗಂಡನ ಕೈ ದಾಟಿ ಹಾರನ್ ಒತ್ತಿದೆ.

ಅಂಗಡಿಯವರು ಬಾಯಲ್ಲಿದ್ದದ್ದನ್ನು ನುಂಗುತ್ತ ಓಡಿ ಬಂದರು. ಹಿಂದಿನ ಸೀಟಿನಲ್ಲಿದ್ದ ಅಮ್ಮ ತಟ್ಟನೆ ಬಾಗಿಲು ತೆರೆದು ಇಳಿದಳು, ಅವರ ಜೊತೆ ನಡೆದು ಒಳಗೆ ಹೋದಳು, ತಾನೇ ಬಾಟಲಿ ತಂದು ನನ್ನ ಮಡಿಲಲ್ಲಿಟ್ಟಳು.

"ನಿಂಗ್ ಇಲ್ಲಿ ನೀರ್ ಹಿಡ್ಸಿತ್, ಹೆಣೆ."

ಇಲ್ಲಿನ ನೀರು ಮೈಗೆ ಒಗ್ಗಿತು ಎಂದು, ಗಂಡನ ಮನೆಯಲ್ಲಿ ಮೈಕೈ ತುಂಬಿಕೊಂಡ ಹೊಸ ಸೊಸೆಗೆ ಊರಿನಲ್ಲಿ ಮೆಚ್ಚಿ ಹೇಳುವ ಮಾತು ಅದು. ಅಮ್ಮ ಮೆಚ್ಚಿ ಹೇಳಿರಲಿಲ್ಲ.

ವಿಮಾನ ನಿಲ್ದಾಣದವರೆಗೂ ನನಗೆ ಅವಳ ಮೇಲೆ ಸಿಟ್ಟಿತ್ತು, ಈಗಲೂ ಪೂರ್ತಿ ಇಳಿದಿಲ್ಲ. ಊರಿಗೆ ಹೋಗುವವಳು ಅವಳು, ಇಲ್ಲಿ ಬದುಕಬೇಕಾದವಳು ನಾನು. ಸುಮ್ಮನೆ ನಿಂತರೆ ಇಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ಹಾರನ್ ಹೊಡೆದರೆ ಹೆತ್ತವಳೇ ನನ್ನನ್ನು ಗುರುತಿಸುವುದಿಲ್ಲ.