ಕೃಷ್ಣಮ್ಮನ ಪ್ರಶ್ನೆ

ಗೋಣಿಬೀಡಿನ ಕೃಷ್ಣಮ್ಮನ ಮೊದಲ ಮಗು ಅಳದೆಯೇ ಹುಟ್ಟಿತ್ತು. ಹೊಟ್ಟೆಯಲ್ಲಿ ಅದು ಸುಮ್ಮನಾದಾಗ, ಹೆರಿಗೆ ಹತ್ತಿರವಾದರೆ ಹಾಗೆಯೇ ಎಂದು ಮನೆಯವರು ಸಮಾಧಾನ ಹೇಳಿದ್ದರು. ಅಂದಿನಿಂದ ಬಸುರಿಯರನ್ನು ಕಂಡರೆ ಅವರದು ಒಂದೇ ಪ್ರಶ್ನೆ: "ಮಗು ಮಿಸುಕಾಡ್ತದಾ?"

ಹಾಗೆ ಮಗು ಕಳೆದುಕೊಂಡವರು ಸೀಮಂತದಲ್ಲಿ ಬಳೆ ತೊಡಿಸುವಂತಿರಲಿಲ್ಲ. ೧೯೯೮ರಲ್ಲಿ, ಪಕ್ಕದ ಮನೆಯ ಧನ್ಯಾಳಿಗೆ ಒಂಬತ್ತು ತಿಂಗಳು ತುಂಬುವ ಮುಂಚೆ ಸೀಮಂತ ಮಾಡಿದಾಗಲೂ ಕೃಷ್ಣಮ್ಮ ಬಾಗಿಲ ಬಳಿಯೇ ಕುಳಿತರು. ಅಲ್ಲಿಂದಲೇ ಅದೇ ಪ್ರಶ್ನೆ ಕೇಳಿದರು.

"ಶುರುವಾಯ್ತು ಇವರ ಮಂತ್ರ," ಎಂದು ಯಾರೋ ನಕ್ಕರು.

ಧನ್ಯಾ ನಗಲಿಲ್ಲ. "ನಿನ್ನೆಯಿಂದ ಸುಮ್ನಿದೆ, ದೊಡ್ಡಮ್ಮ."

"ಶಾಸ್ತ್ರ ಮುಗೀಲಿ. ಹಸೆಯಿಂದ ಅರ್ಧಕ್ಕೆ ಎಬ್ಬಿಸಬಾರ್ದು," ಎಂದರು ಧನ್ಯಾಳ ಅತ್ತೆ.

"ನನ್ನನ್ನೂ ಹೀಗೇ ಕೂರಿಸಿದ್ರು," ಎಂದು ಕೃಷ್ಣಮ್ಮ ಒಳಗೆ ಬಂದು ಧನ್ಯಾಳ ಕೈ ಹಿಡಿದರು. ಹತ್ತು ಜನರೆದುರು ಅವರು ತಮ್ಮ ಮಗುವಿನ ಮಾತೆತ್ತಿದ್ದು ಅದೇ ಮೊದಲು. ಅತ್ತೆ ಕೈಲಿದ್ದ ಬಳೆ ಕೆಳಗಿಟ್ಟು, ಜೀಪು ತರಲು ಹೇಳಿದರು.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ, ಮಗುವಿನ ಎದೆಬಡಿತ ಕುಂದಿದೆ ಎಂದು ವೈದ್ಯರು ಕೂಡಲೇ ಆಪರೇಷನ್ ಮಾಡಿದರು. ಸಂಜೆ ಒಳಗಿನಿಂದ ಸಣ್ಣ ಅಳು ಕೇಳಿಸಿತು.

ಅತ್ತೆ ಬಂದು ಕೃಷ್ಣಮ್ಮನ ಪಕ್ಕ ಕುಳಿತರು. "ನಿಮ್ದು ಹೆಣ್ಣೋ ಗಂಡೋ? ನಾವ್ಯಾರೂ ಕೇಳ್ಲೇ ಇಲ್ಲ."

"ಹೆಣ್ಣು," ಎಂದರು ಕೃಷ್ಣಮ್ಮ.