ಚಷ್ಮಾದೊಳಗಿನ ಗೋದಾಮು

"ನಾಗಣ್ಣಗ ಅವನ ಮನಿ ಹಾದಿ ಕೇಳಿದ್ರೂ, 'ಯಾಕ, ಯಾರು ಕಳಿಸ್ಯಾರ?' ಅಂತಾನ" ಎಂದು ಓಣಿಯವರು ನಗುತ್ತಿದ್ದರು. ಎದುರು ಮನೆಯ ಇಂದುಬಾಯಿಯದು ಇನ್ನೂ ಒಂದು ಕೈ ಮೇಲು: "ಜ್ವರಾ ಬಂದ್ರ ಡಾಕ್ಟರಗೂ ಪೂರಾ ಹೇಳಂಗಿಲ್ಲ. ಅರ್ಧಾ ಗೋದಾಮಿನ್ಯಾಗ ಇಟ್ಟು ಹೋಗಿರ್ತಾನ."

ಸುಳ್ಳೇನಲ್ಲ. ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿ ಚಾದರು, ಟವೆಲು ಮಾರುವ ಮನೆತನದಲ್ಲಿ ಹುಟ್ಟಿದವನು ಅವನು. ಅಪ್ಪನ ಮಗ್ಗುಲಲ್ಲಿ ಗಾದಿಯ ಮೇಲೆ ಕುಳಿತು ಕಲಿತ ಮೊದಲ ಪಾಠವೇ ಬಾಯಿ ಮುಚ್ಚಿಕೊಳ್ಳುವುದು. ದೊಡ್ಡ ಸವದಾ, ಅಂದರೆ ವ್ಯವಹಾರ, ಬಂದರೆ ಅಪ್ಪ, ದನದ ಸಂತೆಯ ದಲಾಲರಂತೆ, ಇಬ್ಬರ ಕೈ ಮೇಲೆ ಒಂದು ಟವೆಲು ಹೊದಿಸುತ್ತಿದ್ದ. ಅದರಡಿಯಲ್ಲಿ ಎಷ್ಟು ಬೆರಳು ಹಿಡಿದು ಒತ್ತಿದರೆ ಅಷ್ಟು ದರ, ಅದೇ ಮಾತು. ಸುತ್ತ ನಿಂತವರಿಗೆ ಕುಣಿಯುವ ಟವೆಲು ಮಾತ್ರ ಕಾಣುತ್ತಿತ್ತು. ನಡುವೆ ಕೈ ಎಳೆದುಕೊಂಡವನ ಮಾನ ಹೋಯಿತು. "ಠರಲಾ" ಎಂದು ಒಪ್ಪಿದರೆ ದೇವರು ಬಂದರೂ ಮಾತು ತಿರುಗದು.

ನಾಗಣ್ಣ ಇದನ್ನು ವ್ಯಾಪಾರಕ್ಕಷ್ಟೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಹೆಣ್ಣು ನೋಡಲು ಹೋದಾಗಲೂ, ಕಸ್ತೂರಬಾಯಿ ಮನಸ್ಸಿಗೆ ಬಂದಳೆಂದು ಸೋದರಮಾವನ ಬೆರಳು ಒತ್ತಿ ಹೇಳಿದನಂತೆ. ಮದುವೆಯ ದಿನದವರೆಗೂ ಆಕೆಗೇ ಗೊತ್ತಿರಲಿಲ್ಲ ಎಂದು ಕೆಲವರು ಸೇರಿಸುತ್ತಾರೆ. ಅಷ್ಟನ್ನು ನಂಬಬೇಡಿ.

ತೊಂದರೆ ಹುಟ್ಟಿದ್ದು ಅಕ್ಕಲಕೋಟೆಯಲ್ಲಿ. ಅಲ್ಲಿಯ ಅಂಗಡಿಯನ್ನು ತಮ್ಮ ಧರ್ಮರಾಜ ನೋಡಿಕೊಳ್ಳುತ್ತಿದ್ದ. ಗೋದಾಮು ಮಾತ್ರ ಸೊಲ್ಲಾಪುರದಲ್ಲಿ, ಅಣ್ಣನ ವಶ. ಅಲ್ಲಿಯ ಸ್ವಾಮಿಗಳ ಗುಡಿಗೆ ದರ್ಶನಕ್ಕೆ ಬಂದವರು ಚಾದರು ಕೇಳಿದರೆ ಧರ್ಮರಾಜ ಫೋನು ಹಚ್ಚಬೇಕು.

"ಅಣ್ಣಾ, ಮಾಲು ಅದನೋ ಇಲ್ಲೋ?"

"ನೋಡೂಣು."

"ಎಷ್ಟದ?"

"ಯಾರು ಕೇಳಾಕತ್ಯಾರ?"

ಅಷ್ಟರಲ್ಲಿ ಗಿರಾಕಿ ಬಸ್ಸು ಹತ್ತಿರುತ್ತಿದ್ದ. ಕೊನೆಗೆ ಧರ್ಮರಾಜ ಬೇಸತ್ತು ಹೇಳಿಬಿಟ್ಟ: "ಗೋದಾಮಿನ್ಯಾಗ ಏನದ ಅನ್ನೂದು ನನಗ ಕಂಡ್ರ ಒಂದಽ ಅಂಗಡಿ. ಇಲ್ಲಾಂದ್ರ ಈ ದೀಪಾವಳಿಗೆ ನಾ ಬ್ಯಾರೆ." ಅಂದಿನಿಂದ ನಾಗಣ್ಣನಿಗೆ ರೊಟ್ಟಿ ಇಳಿಯಲಿಲ್ಲ. ತಮ್ಮನೂ ಬೇಕು, ಗುಟ್ಟೂ ಬೇಕು.

ಸೊಸೆ ಶೀತಲ ಒಂದು ಉಪಾಯ ತೆಗೆದಳು. ಕಣ್ಣು ಪೂರ್ತಿ ಮುಚ್ಚುವ ಎರಡು ದಪ್ಪ ಚಷ್ಮಾ ತರಿಸಿ, ಇಡೀ ಗೋದಾಮನ್ನು ಕಂಪ್ಯೂಟರಿನೊಳಗೆ ಕಟ್ಟಿದಳು. ಒಂದು ಚಷ್ಮಾ ಇಲ್ಲಿ, ಇನ್ನೊಂದು ಅಕ್ಕಲಕೋಟೆಯಲ್ಲಿ. ಹಾಕಿಕೊಂಡರೆ ಅಣ್ಣತಮ್ಮಂದಿರು ಒಂದೇ ಗೋದಾಮಿನಲ್ಲಿ ಎದುರುಬದುರು. ಮಾಲಿನ ಗಂಟು ಬಂದದ್ದೂ ಇಬ್ಬರಿಗೂ ಕಾಣಬೇಕು, ಹೋದದ್ದೂ ಕಾಣಬೇಕು. ಮಾವ ಹೂಂ ಅನ್ನುವವರೆಗೆ ಮಾತ್ರ ಎಲ್ಲ ರ‍್ಯಾಕಿಗೂ ಪರದೆ ಇಳಿಬಿಟ್ಟಿದ್ದಳು.

ನಾಗಣ್ಣ ಚಷ್ಮಾ ಹಾಕಿಕೊಂಡು ಮೊದಲು ಮಾಡಿದ ಕೆಲಸ ಚಪ್ಪಲಿ ಬಿಡುವುದು. ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಆಮೇಲೆ ಒಳಗಿನ ಕನ್ನಡಿಯಲ್ಲಿ ತನ್ನ ಗೊಂಬೆರೂಪ ಕಂಡು ಸಿಡುಕಿದ.

"ಶೀತಲ, ಇವಗ ಟೊಪ್ಪಿಗಿ ಎಲ್ಲಿ? ಬರೀ ತಲಿಲೆ ನಿಂದ್ರಲೇನು?"

"ಹಾಕ್ತೀನ್ರಿ ಮಾವಾರ. ಮೊದಲ ಕಾಕಾರ ಜೋಡಿ ಮಾತಾಡ್ರಿ."

ಎದುರಿಗೆ ಧರ್ಮರಾಜ ನಿಂತಿದ್ದ, ಕಪ್ಪು ಮೀಸೆಯ ಧರ್ಮರಾಜ.

"ಮೀಸಿ ಯಾವಾಗ ಕರ್ರಗಾದ್ವೋ?"

"ಅದು ಬಿಡು ಅಣ್ಣಾ. ಎಷ್ಟು ರ‍್ಯಾಕ್ ತೆಗೀತಿ, ಹೇಳು."

ಬಾಯಿ ಬಿಟ್ಟು ಹೇಳುವುದೇ? ನಾಗಣ್ಣ ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹೊದಿಸಿ ಮುಂದೆ ಚಾಚಿದ. ಆ ಚಷ್ಮಾ ಕೈ ಕಂಡರಷ್ಟೇ ಒಳಗೆ ಕೈ ತೋರಿಸುತ್ತದೆ. ಅತ್ತ ಧರ್ಮರಾಜ ಅತ್ತಿಗೆಯನ್ನು ಕೂಗಿದ: "ವೈನೀ! ಅಣ್ಣನ ಕೈ ಹೋದ್ವು!"

"ಒದರಬ್ಯಾಡ. ಕಾಣಬಾರದಂತನಽ ಮುಚ್ಚೀನಿ. ಹಿಡಿ."

ಅಕ್ಕಲಕೋಟೆಯಲ್ಲಿದ್ದವನು ಏನು ಹಿಡಿದಾನು? ಚಹಾ ತಂದಿದ್ದ ಕಸ್ತೂರಬಾಯಿ ಕಪ್ಪುಬಸಿ ಕೆಳಗಿಟ್ಟು ಟವೆಲಿನಡಿ ಕೈ ಹಾಕಿದಳು. ನಾಗಣ್ಣ ಒಂದು ಬೆರಳು ಒತ್ತಿದ: ಒಂದು ರ‍್ಯಾಕು. ಆ ಕೈ ತಿರುಗಿ ಅವನ ಐದೂ ಬೆರಳನ್ನು ಗಪ್ಪನೆ ಹಿಡಿಯಿತು: ಪೂರ್ತಿ ಗೋದಾಮು. ಅವನು ಎರಡು ಒತ್ತಿದ. ಮತ್ತೆ ಐದು. ಮೂರು. ಐದೇ. ತಮ್ಮ ಇಷ್ಟು ಗಟ್ಟಿ ಸವದಾ ಯಾವಾಗ ಕಲಿತನೆಂದು ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಮಣಿಕಟ್ಟಿಗೆ ಏನೋ ತಣ್ಣಗೆ ತಾಗಿತು.

"ಧರ್ಮಾ, ಬಳಿ ಯಾವಾಗಿಂದ ಇಟ್ಕೊಳ್ಳಾಕತ್ತೀ?"

"ಯಾವ ಬಳಿ? ನಾ ಇಲ್ಲಿ ಕೈಕಟ್ಟಿ ನಿಂತೀನಿ!"

"ಕೈ ಬಿಡಂಗಿಲ್ಲ ನೋಡ್ರಿ," ಎಂದಿತು ಕಿವಿಯ ಬಳಿ ಕಸ್ತೂರಬಾಯಿಯ ದನಿ. "ನಿಮ್ಮ ಬೆರಳಿನ ಮಾತು ಅರೀದಽ ಸಂಸಾರ ಮಾಡೀನೇನು? ಮೈದುನ ಬ್ಯಾರೆ ಆದ್ರ ದೀಪಾವಳಿಗೆ ಯಾರ ಮುಂದ ತಾಟ ಇಡ್ಲಿ? ನಿಮ್ಮ ಗಂಟು ಹೋಳಿಗಿ ತಿಂತಾವೇನು?"

"ಏ, ಇದು ವ್ಯಾಪಾರ. ಸರಿ ಆ ಕಡೆ."

"ವ್ಯಾಪಾರ ಅಂದ್ರ ನೀವಽ ಮೊದಲ ಕೈ ಬಿಡ್ರಿ, ನೋಡೂಣು."

ನಾಗಣ್ಣ ಬಿಡಲಿಲ್ಲ, ಅಪ್ಪ ಬಿಡುವುದನ್ನು ಕಲಿಸಿರಲಿಲ್ಲ. ಚಷ್ಮಾದೊಳಗೆ ಕೈಯಿಲ್ಲದ ಅಣ್ಣನನ್ನು ತಮ್ಮ ನೋಡುತ್ತ ನಿಂತಿದ್ದ.

"ಧರ್ಮಾ, ಎಲ್ಲಾ ತೋರಿಸಿದ್ರ ಬ್ಯಾರೆ ಹೋಗಂಗಿಲ್ಲಲ್ಲ?"

"ಎಲ್ಲಿ ಹೋಗ್ಲೋ ಅಣ್ಣಾ ನಾ?"

"ಹಂಗಾದ್ರ ಠರಲಾ."

ಶೀತಲ ಪರದೆ ಎತ್ತಿದಳು. ಒಳಗೆ ಬಂಗಾರವೇನೂ ಇರಲಿಲ್ಲ. ಯಾರದೋ ಮಾತು ಕೇಳಿ ಖರೀದಿಸಿ, ಮಾರಲಾಗದೆ ಬಿದ್ದಿದ್ದ ಗುಲಾಬಿ ಬಣ್ಣದ ನವಿಲು ಚಾದರು, ಮೂಲೆಯಿಂದ ಮೂಲೆಗೆ. ಧರ್ಮರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದಕ್ಕಽ ಏನೋ ಅಣ್ಣಾ, ಇಷ್ಟು ಮುಚ್ಚಿದ್ದು? ಕಳಿಸು. ಇಲ್ಲಿ ಜಾತ್ರಿಗೆ ಬಂದವರು ನವಿಲು ಕಂಡ್ರ ಬಿಡಂಗಿಲ್ಲ."

ಆ ದೀಪಾವಳಿಗೆ ಎಲ್ಲರ ತಾಟೂ ಒಂದೇ ಸಾಲಿನಲ್ಲಿ ಬಿತ್ತು. ಮುಂದೆ ದಿನವೂ ಬೆಳಿಗ್ಗೆ ಅಣ್ಣತಮ್ಮಂದಿರು ಚಷ್ಮಾದ ಗೋದಾಮಿನಲ್ಲಿ ಭೇಟಿಯಾಗಿ, ಗಂಟು ನೋಡುವುದಕ್ಕಿಂತ ಹೆಚ್ಚು ಹೊತ್ತು ಜಗಳಾಡಿದರು. ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಧರ್ಮರಾಜ ಕೇಳಿದ: "ದಿನಾ ಇಲ್ಲಿ ಬಂದು ಬೈತಿ, ಚಹಾಕ್ಕ ಮಾತ್ರ ಬರಂಗಿಲ್ಲ. ನಮ್ಮ ಮ್ಯಾಲಿನ ಖೋಲಿ ಖಾಲಿ ಅದ. ವೈನೀನ ಕರಕೊಂಡು ಬಂದುಬಿಡೋ."

ನಾಗಣ್ಣ ಯೋಚಿಸಿದ. ಗೋದಾಮು ಎಲ್ಲಿ ಕುಳಿತರೂ ಕಾಣುತ್ತದೆ, ಸೊಲ್ಲಾಪುರದ ಗಾದಿಗೆ ಮಗ ನಿತಿನ ಮತ್ತು ಶೀತಲ ಇದ್ದಾರೆ. ಇನ್ನು ಇಲ್ಲಿ ಕಾಯುವುದೇನು?

ಟೆಂಪೋ ಬಾಗಿಲಿಗೆ ಬಂತು. ಡ್ರೈವರನ ಪಕ್ಕದ ಸೀಟನ್ನು ಕಸ್ತೂರಬಾಯಿ ಮೊದಲೇ ಹಿಡಿದಿದ್ದಳು. ನಾಗಣ್ಣ ಹೊಸ್ತಿಲು ದಾಟಿ, ಹಾಸಿಗೆ ಗಂಟನ್ನು ಹಿಂದೆ ಹಾಕಿ, ಅದರ ಮೇಲೆ ತಾನೂ ಹತ್ತಿ ಕುಳಿತ.

"ಏನರ ಮರ್ತೀರೇನು, ನೋಡ್ಕೋರಿ," ಎಂದಳು ಆಕೆ.

"ಏನಿಲ್ಲ. ನಡಿಯಪ್ಪಾ," ಎಂದ ಡ್ರೈವರನಿಗೆ. "ತಮ್ಮ ಉಣ್ಣದಽ ಕುಂತಿರ್ತಾನ."